ಮೀಸಲು ಹುಲ್ಲು

ಸ್ವಲ್ಪ ನಿಲ್ರಿ, ಇದನ್ನ ಪೂರ್ತಿ ಕೇಳ್ಕೊಂಡು ಆಮೇಲೆ ಹೋಗ್ರಿ. ಅರ್ಧಕ್ಕೆ ಎದ್ದೋದ್ರೆ ಆ ಹುಡುಗೀನ ಬೈತೀರಿ, ಮುಕ್ಕಾಲಿಗೆ ಎದ್ದೋದ್ರೆ ಅವಳ ತಾತನ್ನ ಬೈತೀರಿ. ಅವರಿಬ್ಬರಿಗೂ ಬೈಸ್ಕೊಂಡು ಸಾಕಾಗೈತೆ, ಅದಕ್ಕೇ ಹೇಳ್ತಿದೀನಿ.

ಬಿ.ಜಿ. ಕೆರೆಯಿಂದ ಕುದಾಪುರದ ಕಡೆ ಹೋಗ್ತಾ ಒಂದು ಹಟ್ಟಿ ಸಿಗುತ್ತೆ. ಅಲ್ಲಿ ಮುದ್ದಪ್ಪ ಅಂದ್ರೆ ಕಿಲಾರಿ ಮುದ್ದಪ್ಪ. ಕಿಲಾರಿ ಅಂದ್ರೆ ದೇವರ ಎತ್ತು ಕಾಯೋನು. ಈ ದನ ನೊಗ ಹೊರಲ್ಲ, ಸಂತೆಗೆ ಹೋಗಲ್ಲ, ಸತ್ರೆ ಮನುಷ್ಯರಿಗೆ ಮಾಡ್ದಂಗೇ ಮಣ್ಣು ಮಾಡ್ತಾರೆ. ಇಡೀ ಹಟ್ಟಿಯವು, ಆದ್ರೆ ಕಾಯೋನು ಒಬ್ಬನೇ. ಅವನು ನೇಮದಲ್ಲಿರಬೇಕು. ರೊಪ್ಪಕ್ಕೆ, ಅದೇ ಮುಳ್ಳುಬೇಲಿ ಹಾಕಿರೋ ದನದ ದೊಡ್ಡಿಗೆ, ಚಪ್ಪಲಿ ಹಾಕ್ಕೊಂಡು ಹೋಗಂಗಿಲ್ಲ, ಕುಡಿಯಂಗಿಲ್ಲ, ಕೋಳಿ ಅಂತೂ ಬಾಯಿಗಿಡಂಗೇ ಇಲ್ಲ. ಮುದ್ದಪ್ಪ ಮೀಸೆ ಮೂಡೋ ವಯಸ್ಸಿಂದ ಹಂಗೇ ಇದ್ದೋನು. ಮನೇಲಿ ಮಗ ಈರೇಶ್ ಲಗೇಜ್ ಆಟೋ ಓಡಿಸ್ತಾನೆ, ಸೊಸೆ ತಿಪ್ಪೇರುದ್ರಮ್ಮ ಚಳ್ಳಕೆರೆ ಶೇಂಗಾ ಮಿಲ್ಲಿಗೆ ಹೋಗ್ತಾಳೆ. ಮೊಮ್ಮಗಳು ರಶ್ಮಿತಾ ತೋಟಗಾರಿಕೆ ಡಿಪ್ಲೊಮಾ, ಕೊನೇ ವರ್ಷ.

ಕೊನೇ ವರ್ಷದಲ್ಲಿ ಎಲ್ಲಾದ್ರೂ ಇಂಟರ್ನ್‌ಶಿಪ್ ಮಾಡ್ಲೇಬೇಕು. ಇವಳಿಗೆ ಸಿಕ್ಕಿದ್ದು ಮನೆ ಪಕ್ಕದಲ್ಲೇ, ಗೋಡೆ ಒಳಗೆ. ಮೊದಲು ದನ ಮೇಯೋ ಕಾವಲಾಗಿದ್ದ ಜಾಗಕ್ಕೆ ಒಂದು ಕಂಪನಿ ಉದ್ದಕ್ಕೂ ಗೋಡೆ ಕಟ್ಟಿಸಿ ಆಫೀಸು, ಗೆಸ್ಟ್ ಹೌಸು, ಆಟದ ಬಯಲು ಎಲ್ಲ ಮಾಡ್ಕೊಂಡೈತೆ. ಹಟ್ಟಿಯೋರು ಅದರ ಹೆಸರು ಹೇಳಲ್ಲ. ಗೋಡೆ ಒಳಗೆ ಅಂತಾರೆ, ಅಷ್ಟೇ.

"ಏನ್ ಕಲಿಸ್ತಾರಂತವ್ವ ಅಲ್ಲಿ?" ಅಂದ ಮುದ್ದಪ್ಪ, ಮೊದಲನೇ ದಿನ ರಾತ್ರಿ ಉಣ್ಣೋಕೆ ಕೂತಾಗ.

"ಲಾನ್ ನೋಡ್ಕೊಳೋದು ತಾತ. ಹುಲ್ಲು ಹೆಂಗೆ ಬೆಳೆಸಬೇಕು, ನೀರು ಎಷ್ಟು ಬಿಡಬೇಕು, ಯಾವಾಗ ಬಿಡಬೇಕು, ಎಲ್ಲ."

"ಬೆಳೆಸಿ?"

"ಬೆಳೆಸಿ ಕತ್ತರಿಸ್ತೀವಿ."

"ಕತ್ತರಿಸಿ?"

"ಮತ್ತೆ ಬೆಳೆಸ್ತೀವಿ."

ಮುದ್ದಪ್ಪ ಮುದ್ದೆ ಮುರಿಯೋದು ಬಿಟ್ಟು ಮಗನ ಕಡೆ ತಿರುಗಿದ. "ಲೇ ಈರೇಶ, ಚೆನ್ನಾಗೇ ಓದಿಸ್ದೆ ಬಿಡು ಮಗಳನ್ನ. ದನ ಇಲ್ದಂಗೆ ಹುಲ್ಲು ಬೆಳೆಸೋ ವಿದ್ಯೆ."

"ನಿಮಗೆ ಎದ್ರೂ ದನ, ಕೂತ್ರೂ ದನ," ಅಂತ ತಿಪ್ಪೇರುದ್ರಮ್ಮ ಸಾರು ಬಡಿಸ್ತಾ ಅಂದ್ಲು. "ನನ್ನಂಗೆ ಧೂಳು ಕುಡ್ಕೊಂಡು ಶೇಂಗಾ ಆರಿಸೋದು ತಪ್ಪಿದ್ರೆ ಸಾಕು ಮಾವ. ಹುಲ್ಲಿಗಾದ್ರೂ ನೀರು ಬಿಡ್ಲಿ, ಬಂಡೆಗಾದ್ರೂ ಬಿಡ್ಲಿ."

"ಬಂಡೆಗೂ ಬಿಡ್ತಾರೆ ಕಣವ್ವ," ಅಂತ ನಕ್ಕಳು ರಶ್ಮಿತಾ. "ಇವತ್ತು ನೋಡ್ದೆ. ಸ್ಪ್ರಿಂಕ್ಲರ್ ನೀರೆಲ್ಲ ರೋಡಿಗೆ ಬೀಳ್ತೈತೆ."

ಅವಳಿಗೆ ಆ ಕೆಲಸ ಹಿಡಿಸ್ತು ಕಣ್ರಿ, ನಿಜವಾಗ್ಲೂ ಹಿಡಿಸ್ತು. ಮನೇಲಿದ್ದ ಖಾಲಿ ಡಬ್ಬಿನೆಲ್ಲ ಚೀಲಕ್ಕೆ ತುಂಬಿದ್ಲು. ಅವ್ವ ಕೂಗಾಡಿದ್ಲು: "ಒಗ್ಗರಣೆ ಡಬ್ಬೀನೂ ಬಿಡಲಿಲ್ಲವಲ್ಲೇ! ಅದ್ಯಾವ ಓದು ನಿಂದು, ಗುಜರಿ ಓದಾ?" ಆದ್ರೆ ಅದಕ್ಕೊಂದು ಲೆಕ್ಕ ಐತೆ. ಲಾನ್ ಮೇಲೆ ಅಲ್ಲಲ್ಲಿ ಡಬ್ಬಿ ಇಟ್ಟು ಸ್ಪ್ರಿಂಕ್ಲರ್ ಬಿಡೋದು, ಆಮೇಲೆ ಯಾವ ಡಬ್ಬೀಲಿ ಎಷ್ಟು ನೀರು ನಿಂತೈತೆ ಅಂತ ನೋಡೋದು. ಒಂದು ಮೂಲೇಲಿ ಡಬ್ಬಿ ತುಂಬಿ ಚೆಲ್ಲಿತ್ತು, ಇನ್ನೊಂದು ಮೂಲೇಲಿ ತಳಾನೂ ನೆಂದಿರಲಿಲ್ಲ. ಇವಳು ನಳಿಕೆ ಬದಲಾಯಿಸಿ, ಮಟಮಟ ಮಧ್ಯಾಹ್ನ ಬಿಡ್ತಿದ್ದ ನೀರನ್ನ ಬೆಳಕು ಹರಿಯೋ ಹೊತ್ತಿಗೆ ಬಿಡಂಗೆ ಮಾಡಿದ್ಲು. ಸೂಪರ್‌ವೈಸರ್ ಪ್ರಭು ಚಳ್ಳಕೆರೆಯೋನು, ಇನ್ನೂ ಮದುವೆ ಆಗದ ಹುಡುಗ, ಒಳ್ಳೇನು. "ಟ್ರೇನಿಂಗ್ ಮುಗಿದ್ರೂ ನೀನು ಇಲ್ಲೇ ಇರು ಕಣಮ್ಮ, ನಾನು ಮೇಲೆ ಹೇಳ್ತೀನಿ," ಅಂದ. ಹಟ್ಟಿ ಹೆಂಗಸರು ಸುಮಾರು ಜನ ಅಲ್ಲೇ ಕಳೆ ಕೀಳೋ ಕೆಲಸಕ್ಕೆ ಹೋಗ್ತಿದ್ರು. ಪಕ್ಕದ ಮನೆ ಗಂಗಲಕ್ಷ್ಮಿ ಅವರಿಗೆ ಮೇಸ್ತ್ರಿ ಇದ್ದಂಗೆ. "ನಮ್ಮ ಹುಡುಗಿ ಕಣ್ರೇ ಇವಳು, ಸಾಹೇಬ್ರಿಗೇ ನೀರು ಬಿಡೋದು ಕಲಿಸಿದ್ಲು," ಅಂತ ಅವಳೇ ಹಟ್ಟಿಗೆಲ್ಲ ಸಾರಿದ್ಲು.

ಬೇಸಿಗೆ ಬಂತು. ದೇವರ ಎತ್ತು ಗೋಡೆ ಸುತ್ತ ಸುತ್ತಿ ಸುತ್ತಿ ಸಂಜೆ ಹೊಟ್ಟೆ ಒಳಕ್ಕೋಗಿ ಬರೋವು. ಗೋಡೆ ಆಚೆ ಹಸಿ ಹುಲ್ಲಿನ ವಾಸನೆ. ಅವು ಮೂತಿ ಎತ್ತಿ ಅಲ್ಲೇ ನಿಂತ್ಕೊಳೋವು, ಮುದ್ದಪ್ಪ "ರಾ ಸಾಮಿ, ರಾ" ಅಂತ ತೆಲುಗಲ್ಲಿ ಕರೀತಾ ಎಳ್ಕೊಂಡು ಬರೋನು. ದನದ ಜೊತೆ ಅವನು ಮಾತಾಡೋದು ತೆಲುಗಲ್ಲೇ. ಇತ್ತ ಗೋಡೆ ಒಳಗೆ ಕತ್ತರಿಸಿದ ಹುಲ್ಲನ್ನ ಗುಂಡೀಗೆ ಸುರೀತಾರೆ. ರಶ್ಮಿತಾಗೆ ತಡೀಲಿಲ್ಲ, ಪ್ರಭುನ ಕೇಳಿದ್ಲು.

"ಗೇಟಿಂದ ಹುಲ್ಲುಕಡ್ಡಿ ಆಚೆ ಹೋಗಂಗಿಲ್ಲ ಕಣಮ್ಮ, ರೂಲ್ಸು. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ." ತಲೆ ಕೆರ್ಕೊಂಡ. "ಹಿಂದಿನ ಗೇಟು, ಊಟದ ಹೊತ್ತು. ಯಾರ ಹತ್ರಾನೂ ಹೇಳ್ಬೇಡ."

ಪ್ರಭು ಒಪ್ಪಿದ್ರೂ ತಾತ ಒಪ್ಪಬೇಕಲ್ಲ.

"ಬೂಟುಗಾಲಲ್ಲಿ ತುಳಿದಿದ್ದು. ನಾಯಿ ಓಡಾಡಿದ್ದು. ಒದ್ದಮ್ಮ, ಬ್ಯಾಡ."

"ತಾತ, ಅಲ್ಲಿ ಒಂದು ದನಾನೂ ಬಾಯಿ ಹಾಕಿಲ್ಲ. ಯಾರ ಎಂಜಲೂ ಅಲ್ಲ. ನಾನೇ ಕತ್ತರಿಸಿ, ನಾನೇ ಬೇರೆ ಗುಡ್ಡೆ ಹಾಕ್ತೀನಿ, ಯಾರ್ನೂ ಮುಟ್ಟೋಕೆ ಬಿಡಲ್ಲ. ಮೀಸಲು ಹುಲ್ಲು ಅಂತ ತಿಳ್ಕೋ."

ಮೀಸಲು. ದೇವರಿಗೆ ಅಂತ ಬೇರೆ ತೆಗೆದಿಟ್ಟಿದ್ದು, ಬೇರೆ ಯಾರೂ ಮುಟ್ಟದೇ ಇರೋದು. ಆ ಒಂದು ಮಾತಿಗೆ ಮುದುಕ ಸೋತ. "ಹಂಗಾದ್ರೆ ಗುರುತು ಹಾಕು," ಅಂದ. ಅರಿಶಿನದಲ್ಲಿ ಅದ್ದಿದ ಬಟ್ಟೆ ಚೂರು ಅವನೇ ಹರಿದು ಕೊಟ್ಟ. ಅವಳು ಅದನ್ನ ಕೋಲಿಗೆ ಕಟ್ಟಿ ಗುಡ್ಡೆ ಮೇಲೆ ಸಿಗಿಸೋಳು. ಈರೇಶ್ ಮಧ್ಯಾಹ್ನ ಆಟೋ ತಗೊಂಡು ಹೋಗಿ ಹಳದಿ ಕಂಡ ಗುಡ್ಡೆ ತುಂಬ್ಕೊಂಡು ಸೀದಾ ರೊಪ್ಪಕ್ಕೆ ಸುರಿಯೋನು. ಮೊದಲನೇ ಸಲ ಮುದ್ದಪ್ಪ ಒಂದು ಹಿಡಿ ಮೂಸಿ ನೋಡಿ, "ಕಾವಲು ಹುಲ್ಲಿನ ರುಚಿ ಇದಕ್ಕೆಲ್ಲಿಂದ ಬರ್ಬೇಕು," ಅಂದ. ಆದ್ರೆ ಅವತ್ತು ಒಂದು ರೊಟ್ಟಿ ಜಾಸ್ತಿ ತಿಂದ. ತಿಪ್ಪೇರುದ್ರಮ್ಮ ಬಿಡ್ತಾಳಾ? "ಏನ್ ಮಾವ, ದನ ಮೇದಿದ್ದು ನಿಮ್ಮ ಹೊಟ್ಟೆಗೂ ಬಿತ್ತಾ?"

ಹಿಂಗೇ ಕೆಲವು ವಾರ ನಡೀತು. ದನದ ಮೈ ಮಿರಮಿರ ಅಂತಿತ್ತು.

ಆಮೇಲೆ ರಶ್ಮಿತಾಗೆ ಕಾಲೇಜಲ್ಲಿ ವೈವಾ ಬಂತು, ಹಾಸ್ಟೆಲಲ್ಲಿ ಉಳ್ಕೊಂಡ್ಲು. ಅವಳು ಇಲ್ದಾಗಲೇ ಮೇಲಿನ ಸಾಹೇಬ್ರು ಬರ್ತಾರೆ ಅಂತ ಸುದ್ದಿ ಬಂದು ಪ್ರಭುಗೆ ಗಡಿಬಿಡಿ ಆಯ್ತು. ಲಾನಲ್ಲಿ ಗೊಣ್ಣೆಹುಳ ಬಿದ್ದು ಅಲ್ಲಲ್ಲಿ ಕಂದು ಕಲೆ. ಮುಂದಿನ ವಾರ ಹೊಡೀಬೇಕಾಗಿದ್ದ ಔಷಧೀನ ಅವತ್ತೇ ಹೊಡೆಸ್ದ. ಮಾರನೇ ದಿನ ಹುಲ್ಲು ಕತ್ತರಿಸಿ, ವಿಷದ ಹುಲ್ಲು ಅಂತ ಬೇರೆ ಗುಡ್ಡೆ ಹಾಕಿಸಿ, ಯಾರೂ ಮುಟ್ಟಬಾರದು ಅಂತ ಕೋಲು ನೆಟ್ಟು ಹಳದಿ ಟೇಪ್ ಕಟ್ಟಿಸ್ದ. ಹುಡುಗಿ ಇಲ್ಲವಲ್ಲ, ಆಟೋ ಬರಲ್ಲ ಅಂದ್ಕೊಂಡ. ಈರೇಶ್‌ಗೆ ಬರಬೇಡ ಅಂತ ಯಾರೂ ಹೇಳಿರಲಿಲ್ಲ. ಹೋದ. ಎಲ್ಲರೂ ಊಟಕ್ಕೆ ಹೋಗಿದ್ರು. ಕೋಲು ಕಂಡ, ಹಳದಿ ಕಂಡ, ಬೇರೆ ಇಟ್ಟಿದ್ದು ಕಂಡ. ತುಂಬ್ಕೊಂಡು ಬಂದ.

ಸಂಜೆ ರೊಪ್ಪದಲ್ಲಿ ದನದ ಬಾಯಲ್ಲಿ ನೊರೆ. ಕಾಲು ಗಡಗಡ ನಡುಗೋವು. ಮುಂದಾಳು ಹೋರಿ, ಮುದ್ದಪ್ಪ ಅದನ್ನ ಎರ್ರೋಡು ಅಂತಿದ್ದ, ಕೆಂಪು ಬಣ್ಣ, ಅದು ಮೊಣಕಾಲೂರಿ ಕೂತಿದ್ದು ಮೇಲೇಳಲೇ ಇಲ್ಲ. ನಾಯಕನಹಟ್ಟಿಯಿಂದ ಪಶು ಡಾಕ್ಟ್ರು ಬರೋ ಹೊತ್ತಿಗೆ ಒಂದು ಕರಾನೂ ಹೋಗಿತ್ತು. ಇಂಜೆಕ್ಷನ್ ಕೊಟ್ಟು ಮಿಕ್ಕಿದ್ದನ್ನ ಉಳಿಸಿದ್ರು. ಬೂದಿ ಬಣ್ಣದ ಹಸು ಕೊನೇಗೆ ಎದ್ದು ನಿಂತ್ಕಂತು.

"ಏನೋ ಔಷಧಿ ಹೊಟ್ಟೆಗೆ ಹೋಗೈತೆ ಅಜ್ಜ. ಎಲ್ಲಿ ಮೇಯಿಸಿದ್ರಿ?"

ಮುದ್ದಪ್ಪ ಮಗನ ಮುಖ ನೋಡ್ದ. ಮಗ ನೆಲ ನೋಡ್ದ.

"ಗೊತ್ತಿಲ್ಲ ಡಾಕ್ಟ್ರೇ," ಅಂದ ಮುದ್ದಪ್ಪ.

ಎರ್ರೋಡುಗೆ ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡಿದ್ರು. ಹಟ್ಟಿ ಹೆಂಗಸರು ಮನೆ ಮಗ ಹೋದಂಗೆ ಅತ್ರು. ರಶ್ಮಿತಾ ಬಸ್ಸಿಳಿದು ಬಂದಾಗ ಮಣ್ಣು ಇನ್ನೂ ಹಸಿ ಇತ್ತು. ಪ್ರಭುಗೆ ಫೋನ್ ಮಾಡಿದ್ಲು. ಔಷಧಿ ಹೊಡೆಸಿದ್ದು ಹೇಳ್ತಾ ಹೇಳ್ತಾನೇ ಅವನು ಅಳೋಕೆ ಶುರು ಮಾಡ್ದ.

ಒಲೆ ಮೇಲೆ ಎಸರು ಕುದಿದು ಕುದಿದು ಇಂಗ್ತಿತ್ತು, ಹಿಟ್ಟು ಹಾಕೋಕೆ ಯಾರಿಗೂ ಕೈ ಬರಲಿಲ್ಲ.

"ನಾಳೆ ಕಟ್ಟೆ ಮೇಲೆ ಸೇರ್ತಾರೆ. ನಾನು ಹೇಳಿಬಿಡ್ತೀನಿ," ಅಂದ ಈರೇಶ್. "ನಾನೇ ತಂದಿದ್ದು. ಹಳದಿ ನೋಡ್ದೆ, ಮೀಸಲು ಅಂದ್ಕೊಂಡೆ."

"ಹೇಳಿ ಏನಾಗುತ್ತೆ?" ಅಂದ್ಲು ತಿಪ್ಪೇರುದ್ರಮ್ಮ. "ನಮ್ಮ ಜನ ಹೋಗಿ ಗೋಡೆ ಕೆಡವ್ತಾರೆ. ಆ ಹುಡುಗನ ಕೆಲಸ ಹೋಗುತ್ತೆ. ಗಂಗಲಕ್ಷ್ಮಿ ಮತ್ತೆ ಅಷ್ಟೂ ಹೆಂಗಸರು ನಾಳೆಯಿಂದ ಎಲ್ಲಿಗೆ ಹೋಗ್ಬೇಕು? ಇವಳ ಓದೂ ಹೋಗುತ್ತೆ."

"ಮತ್ತೆ ತಾತನ್ನ ಕೇಳ್ತಾರಲ್ಲವ್ವ! ದನ ಸತ್ರೆ ಕಿಲಾರೀನೇ ತಾನೇ ಕೇಳೋದು?" ರಶ್ಮಿತಾ ಕೂಗಿದ್ಲು. "ನಾನು ಹೇಳ್ತೀನಿ. ಮೀಸಲು ಅಂದೋಳು ನಾನು."

"ನೀನು ಬಾಯಿ ಮುಚ್ಚು!"

"ಇಬ್ರೂ ಮುಚ್ಚಿ," ಅಂದ ಮುದ್ದಪ್ಪ ಗೋಡೆಗೊರಗಿ ಕೂತಲ್ಲಿಂದ. "ಹುಲ್ಲು ಯಾರಾದ್ರೂ ತರ್ಲಿ. ಮೂಸಿ ನೋಡಿ ಹಾಕಬೇಕಾದೋನು ನಾನು. ಅವತ್ತು ಮೂಸಲಿಲ್ಲ. ನಿಮ್ಮ ಮೇಲೆ ನಂಬಿಕೆ ಬಂದುಬಿಟ್ಟಿತ್ತು." ಎದ್ದು ಬಾಗಿಲ ತನಕ ಹೋಗಿ ತಿರುಗಿ ನೋಡ್ದ. "ಯಾರಾದ್ರೂ ಬಾಯಿ ಬಿಟ್ರೆ ನಾನು ಈ ಮನೇಲಿ ಉಣ್ಣಲ್ಲ."

ಬೆಳಿಗ್ಗೆ ಕಟ್ಟೆ ಮೇಲೆ ಹಟ್ಟಿ ಯಜಮಾನ ಯರ್ರಪ್ಪ ಕೇಳ್ದ: "ಮುದ್ದಪ್ಪ, ಏನಾಯ್ತು?"

"ನೇಮ ತಪ್ಪಿತು."

"ಏನ್ ತಪ್ಪು ಮಾಡ್ದೆ?"

"ಕೇಳ್ಬ್ಯಾಡ್ರಿ. ತಪ್ಪಿತು, ಅಷ್ಟೇ."

ಯರ್ರಪ್ಪ ಇನ್ನೊಂದು ಮಾತು ಕೇಳಲಿಲ್ಲ. ಕೈ ಚಾಚಿದ. ಮುದ್ದಪ್ಪ ದನ ಕಾಯೋ ತನ್ನ ಕೋಲು ಕೊಟ್ಟ. ಆ ಕೋಲು ಮಾರಯ್ಯನ ಕೈಗೆ ಹೋಯ್ತು, ಇನ್ಮೇಲೆ ಅವನೇ ಕಿಲಾರಿ. ಇನ್ನು ಮುದ್ದಪ್ಪ ರೊಪ್ಪದ ಹತ್ರ ಸುಳಿಯಂಗಿಲ್ಲ, ದನ ಮುಟ್ಟಂಗಿಲ್ಲ, ಕರೆಯಂಗಿಲ್ಲ. ಹೆಂಗಸರ ಸಾಲಲ್ಲಿ ನಿಂತಿದ್ದ ರಶ್ಮಿತಾ ಬಾಯಿ ತೆಗೆದ್ಲು. ಅವ್ವ ಅವಳ ಮೊಣಕೈ ಎಷ್ಟು ಗಟ್ಟಿ ಹಿಡಿದಿದ್ಲು ಅಂದ್ರೆ ಬಳೆ ಒಡೀತು.

ಆಮೇಲಿನ ದಿನಗಳನ್ನ ಹೆಂಗೆ ಹೇಳ್ಲಿ. ಮುದುಕಂಗೆ ಕೆಲಸ ಇಲ್ಲ. ಬೆಳಿಗ್ಗೆ ಎದ್ದು ಕೋಲಿಗೆ ಕೈ ಚಾಚೋನು, ಗೋಡೆ ಖಾಲಿ. ತಿಪ್ಪೇರುದ್ರಮ್ಮ ಮಿಲ್ಲಿಂದ ಬಂದು ಚಟ್ನಿ ಅರೀತಾ, "ಮಾವ, ಬೆಳ್ಳುಳ್ಳಿ ಬಿಡಿಸ್ಕೊಡಿ," ಅನ್ನೋಳು. ಸುಮ್ನೆ ಕೂರದಂಗೆ ಏನಾದ್ರೂ ಕೈಗೆ ಕೊಡೋಳು. ಬಿಡಿಸೋನು. ಎದುರು ಮಾತೇ ಆಡ್ತಿರಲಿಲ್ಲ. ಅದೇ ಅವಳಿಗೆ ಸಂಕಟ. "ಒಂದು ಸಲ ಬೈರಿ ಮಾವ ನನ್ನ, ಮನೇಲಿ ಸದ್ದೇ ಇಲ್ಲ," ಅಂದ್ಲು ಒಂದಿನ.

ನಲ್ಲಿ ಹತ್ರ ಮಾತು ಹುಟ್ಟಿಕೊಂಡಿತ್ತು. ಮುದ್ದಪ್ಪ ಚಳ್ಳಕೆರೆ ಹೋಟ್ಲಲ್ಲಿ ಕೋಳಿ ತಿಂದನಂತೆ. ಯಾರೋ ಕಣ್ಣಾರೆ ನೋಡಿದ್ರಂತೆ. ತಿಪ್ಪೇರುದ್ರಮ್ಮ ಕೊಡ ಎಸೆದು ಜಗಳಕ್ಕೆ ನಿಂತ್ಲು. "ಯಾರೇ ನೋಡ್ದೋಳು? ಮುಂದೆ ಬಾರೇ! ನಮ್ಮ ಮಾವ ಚಳ್ಳಕೆರೇಲಿ ಟೀ ಕುಡಿಯೋಕೂ ಲೋಟ ಮನೆಯಿಂದ ಒಯ್ತಾನೆ!" ಯಾರೂ ಮುಂದೆ ಬರಲಿಲ್ಲ. ಗಂಗಲಕ್ಷ್ಮಿ ಅವಳ ಕೊಡ ಎತ್ತಿ ನೀರು ತುಂಬಿ ಕೊಟ್ಲು, ಮುಖ ಮಾತ್ರ ನೋಡಲಿಲ್ಲ.

ರಶ್ಮಿತಾ ಇಂಟರ್ನ್‌ಶಿಪ್ ಮುಗಿಸಿದ್ಲು. ಹೆಂಗೆ ಮುಗಿಸಿದ್ಲೋ ಅವಳಿಗೇ ಗೊತ್ತು. ಅಲ್ಲೇ ಕೆಲಸಾನೂ ಕೊಟ್ರು. ಅಪ್ಪ "ಹೋಗು" ಅಂದ, ಅವ್ವ "ಹೋಗು" ಅಂದ್ಲು. ಮೊದಲ ಸಂಬಳದಲ್ಲಿ ತಾತಂಗೆ ಪಂಚೆ ತಂದ್ಲು. ಅವನು ತಗೊಂಡು ತಲೆ ಸವರಿ, ಮಡಿಕೆ ಬಿಚ್ಚದೆ ಗೂಡಲ್ಲಿಟ್ಟ.

ಒಂದು ಸಂಜೆ ದನ ಬಂದ್ವು. ರೊಪ್ಪಕ್ಕಲ್ಲ, ಮನೆ ಮುಂದಕ್ಕೆ. ಆ ಬೂದಿ ಹಸು ಮುಂದೆ, ಅದರ ಹಿಂದೆ ಮಿಕ್ಕಿದ್ದೆಲ್ಲ. ಓಣಿ ತುಂಬ ದನ. ಮಾರಯ್ಯ ಹಿಂದಿಂದ ಓಡಿ ಬಂದ, ಮೈಯೆಲ್ಲ ಬೆವರು.

"ಮಾವ, ನಾನು ಎಷ್ಟು ಕೂಗಿದ್ರೂ ಕೇಳವಲ್ವು. ಬೆಳಿಗ್ಗೆಯಿಂದ ಸರಿಯಾಗಿ ಮೇದೂ ಇಲ್ಲ. ನೀನೊಂದು ಸಲ ಕರೆದು ರೊಪ್ಪದ ತಂಕ ಬಿಟ್ಟು ಹೋಗು, ಯಾರಿಗೂ ಹೇಳಲ್ಲ."

"ನಾನು ಕರೆಯಂಗಿಲ್ಲ ಕಣಪ್ಪ."

"ಮತ್ತೆ ಏನ್ ಮಾಡ್ಲಿ?"

ಮುದ್ದಪ್ಪ ಜಗಲಿ ಇಳಿದ. ಬೂದಿ ಹಸು ಮೂತಿ ಚಾಚ್ತು. ಅವನು ಕೈ ಹಿಂದಕ್ಕೆ ಕಟ್ಕೊಂಡ. ಅದು ಇನ್ನೊಂದು ಹೆಜ್ಜೆ ಮುಂದೆ ಬಂದು ಅವನ ಭುಜ ನೆಕ್ತು. ಮುದುಕ ಬಗ್ಗಿ ಮಣ್ಣೆಂಟೆ ಎತ್ಕೊಂಡ, ಅದರ ಮೈಗೇ ಹೊಡೆದ. ಇನ್ನೊಂದು ಹೊಡೆದ. ಬಾಯಲ್ಲಿ ಒಂದು ಮಾತಿಲ್ಲ, ಹೊಡೀತಾನೇ ಇದ್ದ, ಕಣ್ಣಿಂದ ನೀರು ಇಳೀತಾನೇ ಇತ್ತು. ಆ ಹಸು ಬೆದರಲಿಲ್ಲ. ಏನು ಅಂತ ಅರ್ಥ ಆಗದಂಗೆ ನಿಂತು ನೋಡ್ತು, ಆಮೇಲೆ ತಿರುಗ್ತು. ಮಿಕ್ಕಿದ್ವೂ ತಿರುಗಿದ್ವು.

ಕೆಲಸದಿಂದ ಬಂದ ರಶ್ಮಿತಾ ಓಣಿ ತುದೀಲಿ ನಿಂತು ಎಲ್ಲ ನೋಡಿದ್ಲು. ಮನೆಗೆ ಬರಲಿಲ್ಲ. ಸೀದಾ ಯರ್ರಪ್ಪನ ಮನೆಗೆ ಹೋದ್ಲು.

"ಅಜ್ಜ, ನಮ್ಮ ತಾತಂದು ತಪ್ಪಿಲ್ಲ. ಹುಲ್ಲು ಗೋಡೆ ಒಳಗಿಂದು. ಔಷಧಿ ಹೊಡೆದಿದ್ದು. ನಾನೇ ಅದಕ್ಕೆ ಮೀಸಲು ಅಂತ..."

"ಮೆತ್ತಗೆ ಮಾತಾಡು," ಅಂದ ಯರ್ರಪ್ಪ. ಎದ್ದು ಬಾಗಿಲು ಮುಂದೆ ಮಾಡ್ದ. "ಗೊತ್ತು."

"ಏನ್ ಗೊತ್ತು?"

"ಎಲ್ಲ. ಗುಡ್ಡೆ ಖಾಲಿ ಆಗಿದ್ದನ್ನ ನೋಡಿ ಗಂಗಲಕ್ಷ್ಮಿ ಅವತ್ತೇ ಸಂಜೆ ಬಂದು ಹೇಳಿದ್ಲು. ಕಟ್ಟೆ ಮೇಲೆ ಕೂತಿದ್ದೋರಿಗೆಲ್ಲ ಗೊತ್ತಿತ್ತು ಕಣವ್ವ. ನನ್ನ ಸೊಸೇನೂ ಒಳಗೇ ಹೋಗೋದು ಕೆಲಸಕ್ಕೆ. ಹುಲ್ಲು ಅಂತ ಬಾಯಿ ಬಿಟ್ರೆ ನಮ್ಮ ಹುಡುಗರು ಸುಮ್ನಿರ್ತಿರಲಿಲ್ಲ, ಕಂಪನಿಯೋರು ಗೇಟು ಮುಚ್ಚೋರು. ಏನ್ ಮಾಡೋದು ಅಂತ ನಾವು ಯೋಚನೆ ಮಾಡ್ತಿದ್ವಿ. ಅಷ್ಟೊತ್ತಿಗೆ ನಿಮ್ಮ ತಾತ ತಾನೇ ನೇಮ ತಪ್ಪಿತು ಅಂದ. ಒಳ್ಳೇದಾಯ್ತು ಅಂತ ಕೋಲು ಇಸ್ಕೊಂಡೆ."

"ಮತ್ತೆ ಕೋಳಿ ತಿಂದ ಅಂದ್ರಲ್ಲ?"

ಯರ್ರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸ್ಕೊಂಡ. "ಜನ ಏನು ತಪ್ಪು ಅಂತ ಕೇಳ್ತಾರಲ್ಲವ್ವ. ಏನಾದ್ರೂ ಒಂದು ಹೇಳ್ಬೇಕಿತ್ತು." ಎದ್ದು ಬಾಗಿಲು ತೆಗೆದು, "ನೀನೂ ಅಲ್ಲೇ ಕೆಲಸ ಮಾಡ್ತೀಯಲ್ಲ. ಹೋಗು, ಕತ್ತಲಾಯ್ತು," ಅಂದ.

ಮನೆಗೆ ಬಂದಾಗ ತಾತ ಕೈ ತೊಳೆದು ತಟ್ಟೆ ಮುಂದೆ ಕೂತಿದ್ದ. ಅವ್ವ ಒಳಗೆ ಮುದ್ದೆ ಕಟ್ತಿದ್ಲು.

"ಎಲ್ಲಿಗೆ ಹೋಗಿದ್ದೆವ್ವ ಇಷ್ಟೊತ್ತು?"

"ಯರ್ರಪ್ಪಜ್ಜನ ಮನೆಗೆ."

ಮುದುಕ ತಟ್ಟೆಯಿಂದ ಕೈ ಹಿಂದಕ್ಕೆ ತಗೊಂಡ. "ಹೇಳಿಬಿಟ್ಟೆಯಾ?"

ಅವಳು ಮಾತಾಡಲಿಲ್ಲ. ಅದನ್ನೇ ಅವನು ಇಲ್ಲ ಅಂತ ತಿಳ್ಕೊಂಡ. ಉಸಿರು ಬಿಟ್ಟ. ಎಷ್ಟೋ ದಿನ ಆದ್ಮೇಲೆ ಮುಖದಲ್ಲಿ ಒಂಚೂರು ನಗು ಬಂತು.

"ಹೇಳ್ಬ್ಯಾಡವ್ವ ಯಾವತ್ತೂ. ನಿನಗೆ ಗೊತ್ತಿಲ್ಲ ನಮ್ಮ ಜನ. ಮುದ್ದಪ್ಪಂದು ತಪ್ಪಿಲ್ಲ ಅಂತ ಗೊತ್ತಾಗ್ಲಿ, ಒಂದು ದಿನ ತಡೆಯಲ್ಲ ಅವರು. ಕೆಲಸ ಹೋದ್ರೆ ಹೋಗ್ಲಿ ಅಂತ ಬಂದು ನನ್ನ ಕೋಲು ನನ್ನ ಕೈಗೆ ಕೊಡ್ತಾರೆ. ಅಷ್ಟು ಪ್ರಾಣ ಇಟ್ಕೊಂಡವ್ರೆ ನನ್ನ ಮೇಲೆ. ಅದಕ್ಕೇ ಹೇಳಬಾರದು. ಪಾಪ, ಆ ಹೆಂಗಸರು ಉಣ್ಲಿ."

ತಿಪ್ಪೇರುದ್ರಮ್ಮ ಮುದ್ದೆ ತಂದು ತಟ್ಟೆಗೆ ಹಾಕಿದ್ಲು. ತಾತ ಮುರಿದು ಸಾರಲ್ಲಿ ಅದ್ದಿ, "ಕೂತ್ಕೋ, ನೀನೂ ಉಣ್ಣು," ಅಂತ ಮೊಮ್ಮಗಳಿಗೆ ಪಕ್ಕದಲ್ಲಿ ಜಾಗ ಮಾಡ್ದ. ಅವಳು ಇನ್ನೂ ನಿಂತೇ ಇದ್ಲು.

ಈಗ ಹೇಳ್ರಿ. ನೀವು ಅವಳ ಜಾಗದಲ್ಲಿದ್ದಿದ್ರೆ, ಆ ಮುದುಕಂಗೆ ನಿಜ ಹೇಳ್ತಿದ್ರಾ, ಇಲ್ಲ ಪಕ್ಕದಲ್ಲಿ ಕೂತು ಉಣ್ತಿದ್ರಾ?